ಫರಸಿಯ ಮೇಲೆ ಒಂದು ಹನಿ

ಬಿಸಿಲಿಗೆ ಕಲಬುರಗಿಯಲ್ಲಿ ಎಲ್ಲವೂ ಸೋಲುತ್ತದೆ.
ಸ್ಟೇಷನ್ ರೋಡಿನ ಡಾಂಬರು ಚಪ್ಪಲಿ ಹಿಡಿದು ಎಳೆಯುತ್ತದೆ,
ಮಾತ್ರೆಯ ಸಕ್ಕರೆ ಹೊದಿಕೆ ಬೆರಳಿಗೆ ಅಂಟುತ್ತದೆ,
ನಮ್ಮ ಚರ್ಚಿನ ಮೇಣದಬತ್ತಿ
ಹಚ್ಚುವ ಮೊದಲೇ ಬಾಗಿ ನಿಂತಿರುತ್ತದೆ.
ಇಂಥ ಊರಿಗೆ ಬಂತು ಈ ಮದ್ದು,
ಥರ್ಮೋಕೋಲ್ ಡಬ್ಬಿಯಲ್ಲಿ, ಇಪ್ಪತ್ತೆರಡು ಟ್ಯೂಬು.
ತಣ್ಣಗಿದ್ದರೆ ನೀರು,
ಮೈಕಾವು ತಾಗಿದರೆ ಗಟ್ಟಿ.

"ಉಲ್ಟಾ ಅದ ಇದು," ಎಂದ ಲಾಡ್ಲೆಸಾಬ
ಎಡಗಾಲು ಸ್ಟೂಲಿನ ಮೇಲಿಟ್ಟು.
"ಕಾವಿಗೆ ಕರಗೋದು ಕಂಡೀನಿ. ಕಾವಿಗೆ ನಿಲ್ಲೋದು..."
ತುಸು ತಡೆದು,
"ತತ್ತಿ. ಇಟ್ಟಂಗಿ. ಹೌದ್ ಬಿಡ್ರಿ, ಅವೂ ಅವ."
ತತ್ತಿ ಮತ್ತೆ ನೀರಾಗದು, ಇದು ಆಗುತ್ತದೆ ಎಂದೆ.
ನಂಬಲಿಲ್ಲ.

ಶಹಾಬಾದಿನ ಪಾಲಿಶ್ ಮಷೀನಿನವನು.
ಮೂರಡಿ ಫರಸಿ ಜಾರಿ ಪಾದದ ಮೇಲೆ ಬಿದ್ದದ್ದು
ದೀಪಾವಳಿಯ ಹಿಂದಿನ ವಾರ.
ಸಕ್ಕರೆ ಕಾಯಿಲೆ ಇದೆಯೆಂದು ಅವನಿಗೆ ಹೇಳಿದ್ದು
ಆ ಗಾಯವೇ, ಮಾಯದೆ.
ಕಿರುಬೆರಳು ಜನವರಿಯಲ್ಲಿ ಹೋಯಿತು.
ಉಳಿದದ್ದು ಅಂಗೈಯಗಲದ ಕೆಂಪು,
ದಿನ ಬಿಟ್ಟು ದಿನ ನಾನು ನೋಡುವ ಕೆಂಪು.

ಪಟ್ಟಿ ಬಟ್ಟೆ ಹಚ್ಚುವಾಗ ಸಾಧು.
ಬಿಚ್ಚುವಾಗ,
ಎರಡು ದಿನದಲ್ಲಿ ಕೂಡಿಬಂದ ಎಳೆಚರ್ಮವನ್ನೆಲ್ಲ
ಬಾಡಿಗೆ ಬಾಕಿ ಎಂಬಂತೆ ಕಿತ್ತುಕೊಂಡೇ ಏಳುತ್ತದೆ.
ಅವನು ಟವೆಲ್ಲು ಕಚ್ಚುತ್ತಿದ್ದ.
ನಾನು ಕೈ ಚುರುಕು ಮಾಡುತ್ತಿದ್ದೆ,
ಹತ್ತೊಂಬತ್ತು ವರ್ಷದಿಂದ
ಬೇಗ ಎಳೆಯುವುದೇ ಕರುಣೆ ಎಂದುಕೊಂಡವಳು.

ಮೇ ತಿಂಗಳ ಮೂರನೇ ಸೋಮವಾರ.
ರಾತ್ರಿಯಿಂದ ಕರೆಂಟಿಲ್ಲ.
ಹಳೇ ಫ್ರಿಜ್ಜಿನೊಳಗೆ ಮದ್ದು
ಟ್ಯೂಬಿನ ಕುತ್ತಿಗೆಯಲ್ಲೇ ಗಟ್ಟಿಯಾಗಿ ಕೂತಿತ್ತು,
ಊರನ್ನೇ ಒಂದು ಮೈ ಎಂದು ತಿಳಿದು.
ಏಪ್ರನ್ನಿನಲ್ಲೇ ಓಡಿದೆ ಗೇಟಿನಾಚೆ,
ಕಬ್ಬಿನಹಾಲಿನ ಗಾಡಿಗೆ.
ಗೋಣಿಚೀಲ ಸರಿಸಿ, ಕಟ್ಟಿಗೆ ಹೊಟ್ಟು ಮೆತ್ತಿದ ಬರ್ಫ್ ಒಡೆದು ಕೊಟ್ಟ.
ದವಾಖಾನಿಗೆ ಅಂದರೂ
ಹತ್ತು ರೂಪಾಯಿ ಹೆಚ್ಚೇ ತಗೊಂಡ.

ಟ್ಯೂಬು ಬರ್ಫಿನಲ್ಲಿ ಹೂತು ಕೂತೆವು,
ಇಬ್ಬರೂ ಅದನ್ನೇ ನೋಡುತ್ತ,
ಹಾಲು ಉಕ್ಕುವುದನ್ನು ಕಾಯುವವರ ಹಾಗೆ.
ಮೆಲ್ಲಗೆ ಹಟ ಬಿಟ್ಟಿತು.
ಗಾಯದ ತಗ್ಗು ದಿನ್ನೆಗೆಲ್ಲ ಹರಿದು,
ನನ್ನ ಕಣ್ಣಿಗೆ ಸಿಗದ ಮೂಲೆಗೂ ಹೋಗಿ,
ಹತ್ತು ಎಣಿಸುವುದರೊಳಗೆ ನಿಂತಿತು.

ಒಂದು ಹನಿ ಮಾತ್ರ ತಪ್ಪಿ
ನೆಲದ ಫರಸಿಯ ಮೇಲೆ ಬಿತ್ತು.
ಅಲ್ಲೂ ನಿಂತಿತು.
ಲಾಡ್ಲೆಸಾಬ ಬಗ್ಗಿ ಬೆರಳಿಂದ ಮುಟ್ಟಿದ.
"ಬಾಯೋರೆ, ನಮ್ಮ ಫರಸಿಗೂ ಮೈಕಾವು ಅದ ನೋಡ್ರಿ."
ಅವನ ಬೆರಳು ತಿಂದ ಕಲ್ಲು ಅದು. ನಗುತ್ತಿದ್ದ.
ನಾನು ನಗಲಿಲ್ಲ,
ಹನಿಯನ್ನು ಒರೆಸಲೂ ಇಲ್ಲ.

ಬುಧವಾರ ತಣ್ಣನೆಯ ಸಲೈನ್ ಸುರಿದೆ.
ಗಟ್ಟಿಯಾದದ್ದು ತಾನೇ ನೀರಾಗಿ
ಹಿಡಿದದ್ದನ್ನು ಬಿಟ್ಟು ಟ್ರೇಗೆ ಇಳಿಯಿತು.
ಟವೆಲ್ಲು ಅವನ ಹೆಗಲ ಮೇಲೇ ಇತ್ತು.
"ಮುಗೀತಾ?" ಎಂದ.
ನನ್ನ ಚುರುಕು ಕೈಗಳು
ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತವು.

ಇಪ್ಪತ್ತೆರಡೂ ಮುಗಿದವು.
ಇನ್ನಷ್ಟು ಕಳಿಸುತ್ತೇವೆ ಎಂದವರು
ತುಂಬಲು ಫಾರ್ಮು ಕಳಿಸಿದ್ದಾರೆ.
ಲಾಡ್ಲೆಸಾಬನ ಗಾಯ ನಾಲ್ಕಾಣೆಯಗಲ ಉಳಿದಿದೆ,
ಪ್ಯಾಸೆಂಜರ್ ಗಾಡಿಗೆ ಇನ್ನೂ ಬರುತ್ತಾನೆ.
ಡಬ್ಬಿಯಲ್ಲಿ ಈಗ ನನ್ನ ಮಜ್ಜಿಗೆ.

ಮತ್ತೆ ಅದೇ ಪಟ್ಟಿ ಬಟ್ಟೆ.
ಇವತ್ತು ತೊಗರಿ ಮಿಲ್ಲಿನ ಹುಡುಗಿ,
ಬೆಲ್ಟಿಗೆ ಸಿಕ್ಕ ಮೊಣಕೈ.
ಎಳೆಯುವ ಮೊದಲೇ ಕಣ್ಣು ಮುಚ್ಚಿದಳು.
ಸಲೈನ್ ಸುರಿದು ಕೈ ಕಟ್ಟಿ ಕೂತೆ.
"ಯಾಕ್ರೀ, ಎಳೀರಿ."
ತಡಿ ತಂಗಿ.
ಹೊರಗೆ ಸಾಲು ಬೆಳೆದಿದೆ,
ಡಾಕ್ಟರು ಎರಡು ಸಲ ಇಣುಕಿ ಹೋದರು.
ಅಂಚಿನ ಒಂದು ದಾರ ತೊಯ್ದು
ಮೇಲೇಳುತ್ತಿದೆ,
ನಾನಿನ್ನೂ ಮುಟ್ಟಿಲ್ಲ.